ಪಕ್ಕದ ಕಂಪ್ಯೂಟರಿನ ಫೋಲ್ಡರ್ ತೆರೆಯುತ್ತಿಲ್ಲವೇ? ಹೀಗೆ ಮಾಡಿ

ಮನೆ ಒಂದೇ, ವೈಫೈ ಒಂದೇ. ಆದರೂ ಲ್ಯಾಪ್‌ಟಾಪಿನಿಂದ ಹಾಲ್‌ನಲ್ಲಿರುವ ಕಂಪ್ಯೂಟರಿನ ಫೋಟೋ ಫೋಲ್ಡರ್ ತೆರೆಯಲು ಹೋದರೆ ‘ನಿಮಗೆ ಅನುಮತಿ ಇಲ್ಲ’ ಎಂಬ ಸಂದೇಶ ಬರುತ್ತದೆ. ಸಹಾಯ ಕೇಳಿ ಬರುವವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಹೊರಗಿನ ಅನಗತ್ಯ ಸಂಪರ್ಕ ತಡೆಯುವ ಫೈರ್‌ವಾಲ್ ಆಫ್ ಮಾಡಿ, ಪಾಸ್‌ವರ್ಡ್ ತೆಗೆದು, ಕೈಗೆ ಸಿಕ್ಕ ಸೆಟ್ಟಿಂಗನ್ನೆಲ್ಲ ಬದಲಿಸಿರುತ್ತಾರೆ. ಅದ್ಯಾವುದೂ ಬೇಕಿಲ್ಲ. ವಿಂಡೋಸ್ 10 ಅಥವಾ 11 ಇದ್ದರೆ ಈ ಕ್ರಮದಲ್ಲಿ ಹೋಗಿ.

ಮೊದಲು, ಎರಡೂ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ನಿಮ್ಮ ವೈಫೈ ‘ಪ್ರೈವೇಟ್’ ಎಂದಿರಲಿ. ಯಾವುದೂ ರೂಟರಿನ ಗೆಸ್ಟ್ ವೈಫೈಗೆ ಸೇರಿರಬಾರದು.

ಎರಡನೆಯದು, ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ ಹಂಚಿಕೆಗೆಂದೇ ಒಂದು ಲೋಕಲ್ ಅಕೌಂಟ್, ಅಂದರೆ ಆ ಕಂಪ್ಯೂಟರಿಗೆ ಮಾತ್ರ ಸೇರಿದ ಅಕೌಂಟ್, ಮಾಡಿ. ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದ ಬಳಕೆದಾರರನ್ನು ಸೇರಿಸುವ ಆಯ್ಕೆ ಇದೆ. ಪಾಸ್‌ವರ್ಡ್ ಇಡಲೇಬೇಕು. ಪಾಸ್‌ವರ್ಡ್ ಇಲ್ಲದ ಅಕೌಂಟನ್ನು ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ. ದಿನಾ ಲಾಗಿನ್‌ಗೆ ಒತ್ತುವ ನಾಲ್ಕಂಕಿಯ ಪಿನ್ ಕೂಡ ಇಲ್ಲಿ ನಡೆಯುವುದಿಲ್ಲ. ಎಷ್ಟೋ ಜನ ಅದೇ ಪಿನ್ ಹೊಡೆದು ಹೊಡೆದು ಸುಸ್ತಾಗಿರುತ್ತಾರೆ.

ಈಗ ಎಲ್ಲರೂ ಎಡವುವ ಜಾಗ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ‘ಶೇರಿಂಗ್’ ಮತ್ತು ‘ಸೆಕ್ಯುರಿಟಿ’ ಎಂಬ ಎರಡು ಟ್ಯಾಬ್ ಇರುತ್ತವೆ. ಒಂದು ಕಾಂಪೌಂಡಿನ ಗೇಟು, ಇನ್ನೊಂದು ಮನೆಯ ಬಾಗಿಲು. ನೆಟ್‌ವರ್ಕಿನಿಂದ ಬರುವವರು ಎರಡನ್ನೂ ದಾಟಬೇಕು. ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದರ ಮಾತೇ ನಡೆಯುತ್ತದೆ.

ಶೇರಿಂಗ್‌ನಲ್ಲಿ ‘ಅಡ್ವಾನ್ಸ್‌ಡ್ ಶೇರಿಂಗ್’ ಒತ್ತಿ, ‘ಶೇರ್ ದಿಸ್ ಫೋಲ್ಡರ್’ಗೆ ಟಿಕ್ ಹಾಕಿ, ‘ಪರ್ಮಿಷನ್ಸ್’ಗೆ ಹೋಗಿ. ಅಲ್ಲಿ ‘ಎವ್ರಿಒನ್’ ಎಂಬ ಹೆಸರಿಗೆ ‘ರೀಡ್’ ಮಾತ್ರ ಕೊಟ್ಟಿರುತ್ತದೆ. ಆ ಹೆಸರನ್ನೇ ತೆಗೆಯಿರಿ. ಹೊಸ ಅಕೌಂಟಿನ ಹೆಸರು ಸೇರಿಸಿ ‘ಚೇಂಜ್’ ಕೊಡಿ. ಆಮೇಲೆ ಸೆಕ್ಯುರಿಟಿ ಟ್ಯಾಬಿಗೆ ಬಂದು ‘ಎಡಿಟ್’, ‘ಆ್ಯಡ್’ ಒತ್ತಿ, ಅದೇ ಹೆಸರು ಬರೆದು ‘ಚೆಕ್ ನೇಮ್ಸ್’ ಮಾಡಿ. ಹೆಸರಿನ ಕೆಳಗೆ ಗೆರೆ ಬಿದ್ದರೆ ಅಕೌಂಟ್ ಸಿಕ್ಕಿತು ಎಂದರ್ಥ. ‘ಮಾಡಿಫೈ’ ಟಿಕ್ ಮಾಡಿ ಸೇವ್ ಮಾಡಿ. ‘ಫುಲ್ ಕಂಟ್ರೋಲ್’ ಕೊಡಬೇಡಿ, ಫೈಲ್ ಬರೆಯಲು, ಅಳಿಸಲು ಮಾಡಿಫೈ ಸಾಕು.

ಎಲ್ಲಿ ತಪ್ಪಿದೆ ಎಂದು ಪತ್ತೆ ಮಾಡುವುದೂ ಸುಲಭ. ಫೋಲ್ಡರ್ ತೆರೆಯುತ್ತದೆ, ಆದರೆ ಸೇವ್ ಆಗುತ್ತಿಲ್ಲ ಎಂದರೆ ಮೊದಲು ಶೇರಿಂಗ್ ನೋಡಿ, ಅಲ್ಲಿ ಬರೀ ರೀಡ್ ಉಳಿದಿರುವುದೇ ಜಾಸ್ತಿ. ಅಲ್ಲಿ ಎಲ್ಲ ಸರಿಯಿದ್ದೂ ತೆರೆಯುವಾಗಲೇ ತಡೆದರೆ ಸೆಕ್ಯುರಿಟಿ ನೋಡಿ. ‘ಪಿಕ್ಚರ್ಸ್’, ‘ಡಾಕ್ಯುಮೆಂಟ್ಸ್’ನಂಥ ಫೋಲ್ಡರುಗಳು ಮೊದಲಿನಿಂದಲೂ ಯಾರ ಅಕೌಂಟಿನಲ್ಲಿವೆಯೋ ಅವರಿಗೆ ಮತ್ತು ಅಡ್ಮಿನಿಸ್ಟ್ರೇಟರ್‌ಗೆ ಮಾತ್ರ ತೆರೆದಿರುತ್ತವೆ. ಹಂಚುವ ಫೈಲುಗಳಿಗೆ ಡಿ ಡ್ರೈವ್‌ನಲ್ಲಿ ಬೇರೆಯೇ ಫೋಲ್ಡರ್ ಮಾಡುವುದು ಒಳ್ಳೆಯದು.

ಒಂದು ಆಲ್ಬಮ್ ತೆರೆದು ಇನ್ನೊಂದು ತೆರೆಯದಿದ್ದರೆ ಅದನ್ನು ಬೇರೆಡೆಯಿಂದ ಕಟ್ ಮಾಡಿ ತಂದಿರಬಹುದು. ಒಂದೇ ಡ್ರೈವ್ ಒಳಗೆ ಹಾಗೆ ಸರಿಸಿದ ಫೈಲು ಹಳೆಯ ಅನುಮತಿಯನ್ನೇ ಹೊತ್ತು ತರಬಹುದು. ಕಾಪಿ ಮಾಡಿದ್ದಕ್ಕೆ ಹೊಸ ಜಾಗದ ಅನುಮತಿ ಸಿಗುತ್ತದೆ. ಸೆಕ್ಯುರಿಟಿಯ ‘ಅಡ್ವಾನ್ಸ್‌ಡ್’ನಲ್ಲಿ, ಒಳಗಿನ ಎಲ್ಲ ಫೈಲಿಗೂ ಇದೇ ಅನುಮತಿ ಹಚ್ಚುವ ಟಿಕ್ ಪೆಟ್ಟಿಗೆ ಕೆಳಗಡೆ ಇದೆ. ಹಂಚಿದ ಫೋಲ್ಡರಿಗೆ ಮಾತ್ರ ಅದನ್ನು ಬಳಸಿ. ಸಿ ಡ್ರೈವ್‌ಗೆ ಹಚ್ಚಿದರೆ ವಿಂಡೋಸ್‌ನ ಅನುಮತಿಗಳೇ ಹಾಳಾಗುತ್ತವೆ.

ಇನ್ನು ಲ್ಯಾಪ್‌ಟಾಪಿಗೆ ಬನ್ನಿ. ಫೈಲ್ ಎಕ್ಸ್‌ಪ್ಲೋರರಿನ ವಿಳಾಸ ಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ (\\) ಹಾಕಿ ಫೋಲ್ಡರ್ ಇರುವ ಕಂಪ್ಯೂಟರಿನ ಹೆಸರು ಬರೆಯಿರಿ. ಯೂಸರ್ ನೇಮ್ ಕೇಳಿದಾಗ ಕಂಪ್ಯೂಟರಿನ ಹೆಸರು, ಬ್ಯಾಕ್‌ಸ್ಲ್ಯಾಶ್, ಅಕೌಂಟಿನ ಹೆಸರು ಎಂದು ಪೂರ್ತಿ ಕೊಡಿ. ಏನೂ ಕೇಳದೆ ನೇರ ‘ಅನುಮತಿ ಇಲ್ಲ’ ಎಂದರೆ ಹಳೆಯ ಪಾಸ್‌ವರ್ಡ್ ಉಳಿದಿರಬಹುದು. ವಿಂಡೋಸ್ ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳುವ ‘ಕ್ರೆಡೆನ್ಶಿಯಲ್ ಮ್ಯಾನೇಜರ್’ನಲ್ಲಿ ಆ ಕಂಪ್ಯೂಟರಿನ ನಮೂದು ಅಳಿಸಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ. ಈ ಹಂತ ಬಿಟ್ಟವರೇ ಮತ್ತೆ ಮತ್ತೆ ಸೆಟ್ಟಿಂಗ್ ಕೆದಕುವುದು.

ವಿಡಿಯೋಗಳಲ್ಲಿ ಹೇಳುವ ಅಡ್ಡದಾರಿ ಹಿಡಿಯಬೇಡಿ. ಮನೆಯೊಳಗಿನ ಹಂಚಿಕೆಗೆಂದು ವಿಂಡೋಸ್‌ನಲ್ಲಿದ್ದ ‘ಹೋಮ್‌ಗ್ರೂಪ್’ ಹುಡುಕಿ ಎನ್ನುವ ಸಲಹೆ ಹಳತು, ಅದನ್ನು 2018ರಲ್ಲೇ ವಿಂಡೋಸ್ 10ರಿಂದ ತೆಗೆದಾಯಿತು. ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ಹಳೆಯ ವಿಧಾನವಾದ ‘ಎಸ್‌ಎಂಬಿ 1’ ಆನ್ ಮಾಡಿ ಎನ್ನುವವರ ಮಾತನ್ನಂತೂ ಕೇಳಲೇಬೇಡಿ. 2017ರ ಮೇನಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಕುತಂತ್ರಾಂಶ ಹಬ್ಬಿದ್ದು ಅದರಲ್ಲಿದ್ದ ದೋಷದ ಮೂಲಕವೇ. ಅದಿಲ್ಲದೆ ನಡೆಯದ ಹಳೆಯ ನೆಟ್‌ವರ್ಕ್ ಡ್ರೈವ್ ಇದ್ದರೆ ಅದರ ಫರ್ಮ್‌ವೇರ್ (ಡ್ರೈವ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ಆಗದಿದ್ದರೆ ಡ್ರೈವ್ ಬದಲಿಸಿ. ದುಡ್ಡು ಕೇಳುವ ‘ನೆಟ್‌ವರ್ಕ್ ರಿಪೇರಿ’ ಸಾಫ್ಟ್‌ವೇರ್ ಕೊಳ್ಳಬೇಡಿ. ಮೇಲಿನದೆಲ್ಲ ವಿಂಡೋಸ್‌ನಲ್ಲೇ ಇದೆ.

ಕೊನೆಗೆ ಲ್ಯಾಪ್‌ಟಾಪಿನಿಂದ ಆ ಫೋಲ್ಡರಿನಲ್ಲಿ ಒಂದು ಖಾಲಿ ಟೆಕ್ಸ್ಟ್ ಫೈಲ್ ಮಾಡಿ, ಹೆಸರು ಬದಲಿಸಿ, ಅಳಿಸಿ ನೋಡಿ. ಮೂರೂ ಆದರೆ ಫೈರ್‌ವಾಲ್ ಮತ್ತೆ ಆನ್ ಮಾಡಿ, ಪಾಸ್‌ವರ್ಡ್ ತೆಗೆದಿದ್ದ ಅಕೌಂಟಿಗೆ ಪಾಸ್‌ವರ್ಡ್ ಹಾಕಿ, ಇನ್ನೊಮ್ಮೆ ಅದೇ ಪರೀಕ್ಷೆ ಮಾಡಿ.