ಹಳೇ ಕ್ರೋಮ್ ಪ್ಲೇಟಿಂಗ್ ಶೆಡ್ಡಿನ ಜಾಗ ಶುಚಿ ಮಾಡುವುದು: ನೆಲದಿಂದ ರಾಜಕಾಲುವೆವರೆಗೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಬಾಗಿಲು ಮುಚ್ಚಿದ ಕ್ರೋಮ್ ಪ್ಲೇಟಿಂಗ್ ಶೆಡ್ಡಿಗೆ ಬೇಸಿಗೆಯಲ್ಲಿ ಹೋದರೆ ಮೊದಲು ಗೋಡೆಯ ಬುಡ ನೋಡಿ. ಒಂದು ಗೇಣು ಎತ್ತರದವರೆಗೆ ಗಾರೆ ಉಬ್ಬಿ, ಅದರ ಮೇಲೆ ನಿಂಬೆಹಳದಿ ಉಪ್ಪು ಕಟ್ಟಿದ್ದರೆ ಅದು ಕ್ರೋಮಿಯಂ-6, ಅಂದರೆ ನೀರಿನಲ್ಲಿ ಕರಗುವ ವಿಷಕಾರಿ ಕ್ರೋಮಿಯಂ ಎಂದೇ ತಿಳಿಯಿರಿ. ನೆಲದಡಿಯ ತೇವ ಗೋಡೆಗೆ ಏರಿ ಆವಿಯಾಗಿ ಉಪ್ಪನ್ನು ಬಿಟ್ಟಿರುತ್ತದೆ. ಮಳೆಗೆ ಅದೇ ಕರಗಿ ಮೋರಿ, ರಾಜಕಾಲುವೆ, ವೃಷಭಾವತಿ ನದಿ ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆಯತ್ತ ಸಾಗುತ್ತದೆ. ಆ ನೀರು ರೈತರ ಹೊಲಕ್ಕೂ ಹರಿಯುತ್ತದೆ. ಹಾಗಾಗಿ ಕಾಲುವೆಯ ಹೂಳಿಗೆ ಮೊದಲು ಕೈ ಹಾಕಬೇಡಿ. ಶೆಡ್ಡಿನ ನೆಲ ಸೋರುವವರೆಗೆ ಹೂಳೆತ್ತಿದ್ದೆಲ್ಲ ವ್ಯರ್ಥ.

ಕೆಲಸವನ್ನು ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಇಟ್ಟುಕೊಳ್ಳಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಿ. ಕಲುಷಿತ ತಾಣಗಳಿಗೆಂದೇ 2025ರಲ್ಲಿ ಕೇಂದ್ರದ ನಿಯಮಗಳು ಬಂದಿವೆ. ಕಾಲುವೆ ಕಡೆಯ ಅಂಚಿಗೆ ಎರಡು ಸಾಲು ಮರಳು ಮೂಟೆ ಪೇರಿಸಿ, ಮೋರಿ ಬಾಯಿ ಮುಚ್ಚಿ.

ಮಣ್ಣಿನ ಮಾದರಿಗೆ ಜಾಗವನ್ನು 5 ಮೀಟರ್ ಚೌಕಗಳಾಗಿ ಗುರುತು ಹಾಕಿ. ಲೇಪನದ ತೊಟ್ಟಿ ಇದ್ದ ಕಡೆ, ಮೋರಿ ಪಕ್ಕ, ಡ್ರಮ್ ಇಡುತ್ತಿದ್ದ ಮೂಲೆಯಲ್ಲಿ 2 ಮೀಟರ್‌ಗೊಂದು ಸಾಕಾಗಬಹುದು. ಪ್ರತಿ ಗುಂಡಿಯಲ್ಲಿ 0–15, 15–50, 50–100 ಸೆಂ.ಮೀ. ಪದರಗಳನ್ನು ಬೇರೆಬೇರೆಯಾಗಿ ತೆಗೆಯಿರಿ. ಖರ್ಚು ಉಳಿಸಲು ಎಲ್ಲವನ್ನೂ ಕಲಸಿ ಒಂದೇ ಪೊಟ್ಟಣ ಮಾಡಿದರೆ ವಿಷದ ಮೂಲೆ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ನಮಗೆ ಕಂಡಂತೆ ಅತಿ ದೊಡ್ಡ ತಪ್ಪು ಇದೇ. ಕ್ರೋಮ್ ಲೇಪನದ ಉಪಕರಣ ಬಳಸಬೇಡಿ. ನೀರಿನ ಮಾದರಿಯನ್ನು ಐಸ್‌ನಲ್ಲಿಟ್ಟು 24 ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. ನೀರು ತಿಳಿಯಾಗಿದೆ ಎಂದು ನಂಬಬೇಡಿ: ಕುಡಿಯುವ ನೀರಿನ ಮಿತಿ ಲೀಟರಿಗೆ 0.05 ಮಿ.ಗ್ರಾಂ. ಒಟ್ಟು ಕ್ರೋಮಿಯಂ, ಅಷ್ಟು ಕಣ್ಣಿಗೆ ಕಾಣುವುದೇ ಇಲ್ಲ.

ತೊಟ್ಟಿಯಲ್ಲಿ ಉಳಿದ ದ್ರವಕ್ಕೆ ಕೈ ಹಾಕುವ ಮುನ್ನ ಸಯನೈಡ್ ಪರೀಕ್ಷೆ ಮಾಡಿಸಿ. ತಾಮ್ರ, ಸತು ಲೇಪಿಸುತ್ತಿದ್ದ ತೊಟ್ಟಿಗಳಲ್ಲಿ ಅದು ಇರಬಹುದು. ಅದಕ್ಕೆ ಆಮ್ಲ ತಾಗಿದರೆ ಹೈಡ್ರೋಜನ್ ಸಯನೈಡ್ ಅನಿಲ ಎದ್ದು ಜೀವವೇ ಹೋಗುತ್ತದೆ. ಅಂಥ ದ್ರವವನ್ನು ಕ್ರೋಮ್ ನೀರಿನ ಹತ್ತಿರವೂ ತರದೆ, ಪ್ರತ್ಯೇಕ ಡ್ರಮ್ಮಿನಲ್ಲಿ ಪರವಾನಗಿ ಇರುವವರಿಗೇ ಕೊಡಿ.

ಕ್ರೋಮ್ ನೀರಿಗೆ ಮದ್ದು ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. 1 ಗ್ರಾಂ ಕ್ರೋಮಿಯಂ-6ಕ್ಕೆ ಲೆಕ್ಕದ ಪ್ರಕಾರ 16 ಗ್ರಾಂ ಹರಳು ಬೇಕು. ಕೆಲಸದಲ್ಲಿ ಒಂದೂವರೆಯಿಂದ ಎರಡು ಪಟ್ಟು ಹಾಕಬೇಕು. ಲೀಟರಿಗೆ 50 ಮಿ.ಗ್ರಾಂ. ಇರುವ 1000 ಲೀಟರ್ ನೀರಿಗೆ 1.2ರಿಂದ 1.6 ಕೆ.ಜಿ. ಮೊದಲು ಒಂದು ಲೀಟರ್ ಜಾಡಿಯಲ್ಲಿ ಮಾಡಿ ನೋಡಿ. ಗಂಧಕಾಮ್ಲದಿಂದ ಪಿಎಚ್ (ಹುಳಿ-ಕ್ಷಾರದ ಅಳತೆ) 3ರ ಆಸುಪಾಸಿಗೆ ಇಳಿಸಿ, ಹರಳು ಕರಗಿಸಿ, ಅರ್ಧ ಗಂಟೆ ತಿರುವಿ. ಹಳದಿ ಹೋಗಿ ಮಂಕು ಹಸಿರಾಗುತ್ತದೆ. ಆಮೇಲೆ ಸುಣ್ಣದ ತಿಳಿಗಂಜಿ ಹುಯ್ದು ಪಿಎಚ್ 8.5ಕ್ಕೆ ಏರಿಸಿ, ಕ್ರೋಮಿಯಂ ಗಸಿಯಾಗಿ ತಳಕ್ಕಿಳಿಯಲು ರಾತ್ರಿಯಿಡೀ ಬಿಡಿ. ಸುಣ್ಣ ಅತಿಯಾದರೆ ತಳಕ್ಕಿಳಿದ ಕ್ರೋಮಿಯಂ ಮತ್ತೆ ಕರಗಲು ಶುರುವಾಗುತ್ತದೆ. ಹರಳು ಹಸಿರಿನ ಬದಲು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಅದರ ಕಸುವು ಹೋಗಿದೆ, ಬೇರೆ ತರಿಸಿ. ತಿಳಿನೀರನ್ನು ಡೈಫಿನೈಲ್‌ಕಾರ್ಬಜೈಡ್ ಕಿಟ್‌ನಲ್ಲಿ ನೋಡಿ. ನೇರಳೆ ಬಣ್ಣ ಬಂದರೆ ಇನ್ನೂ ಕ್ರೋಮಿಯಂ-6 ಇದೆ.

ಕಾಂಕ್ರೀಟ್ ನೆಲವನ್ನು ತೊಳೆದು ಬಿಡಬೇಡಿ. ಹಳದಿ ಕಾಣುವಷ್ಟು ಆಳ ಚಿಪ್ಪೆತ್ತಿ, ಬಿರುಕಿರುವಲ್ಲಿ ಪೂರ್ತಿ ಕಿತ್ತು ಅಡಿಯ ಮಣ್ಣು ನೋಡಿ. ಅಗೆಯುವಾಗ ಧೂಳು ಏಳದಷ್ಟು ಮಾತ್ರ ನೀರು ಚಿಮುಕಿಸಿ. ಹರಿಯುವಷ್ಟು ಹಾಕಿದರೆ ವಿಷ ಇನ್ನೂ ಕೆಳಗಿಳಿಯುತ್ತದೆ. ಈ ಧೂಳಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ, ಬಟ್ಟೆ ಮಾಸ್ಕ್ ಸಾಲದು. ಕೂಲಿಯವರಿಗೂ ಸೂಕ್ಷ್ಮ ಧೂಳನ್ನು ತಡೆಯುವ ಪಿ100 ಫಿಲ್ಟರಿನ ಮಾಸ್ಕ್, ನೈಟ್ರೈಲ್ ಗ್ಲೌಸ್, ಗಂಬೂಟ್ ಕೊಡಿ. ಆ ಬಟ್ಟೆಯಲ್ಲಿ ಮನೆಗೆ ಕಳಿಸಬೇಡಿ. ಕಿತ್ತ ಮಣ್ಣು, ಗಸಿ ಎರಡನ್ನೂ ಫಾರಂ 10ರ (ತ್ಯಾಜ್ಯ ಸಾಗಣೆಯ ದಾಖಲೆಪತ್ರ) ಜೊತೆ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಕಳಿಸಿ. ಪಕ್ಕದ ಕಟ್ಟಡದ ಪಾಯದಡಿ ಅಗೆಯಲಾಗದ ಕಡೆ ವಿಷವನ್ನು ಮಣ್ಣಿನಲ್ಲೇ ಕುಗ್ಗಿಸಲು ಕಾಕಂಬಿ ಅಥವಾ ಕ್ಯಾಲ್ಸಿಯಂ ಪಾಲಿಸಲ್ಫೈಡ್ ಇಳಿಸುವುದುಂಟು, ಅದು ತಜ್ಞರ ಕೆಲಸ.

ಹಳೇ ಬೋರ್‌ವೆಲ್ ಕಂಡರೆ ಸಿಮೆಂಟ್ ಗ್ರೌಟಿನಿಂದ ತಳದಿಂದಲೇ ತುಂಬಿಸಿ. ಮೇಲೆ ಕಲ್ಲು ಮುಚ್ಚಿದರೆ ಕೊಳವೆ ಒಳಗೆ ಹಾಗೇ ತೆರೆದಿರುತ್ತದೆ, ಮೇಲಿನ ವಿಷ ನೇರ ಬಂಡೆಯ ಬಿರುಕಿಗೆ ಇಳಿಯುತ್ತದೆ.

ಇಷ್ಟಾದ ಮೇಲೆ ಹೂಳು. ಕಪ್ಪು ಹೂಳಿನಲ್ಲಿ ಗಾಳಿ ಇಲ್ಲದ ಕಾರಣ ಸತು, ನಿಕಲ್, ಕ್ಯಾಡ್ಮಿಯಂ ಗಂಧಕಕ್ಕೆ ಅಂಟಿ ಸುಮ್ಮನಿರುತ್ತವೆ. ಅದನ್ನು ಎತ್ತಿ ದಡದಲ್ಲೇ ಗುಡ್ಡೆ ಹಾಕಿದರೆ ಒಣಗುತ್ತಾ ಆಮ್ಲ ಹುಟ್ಟಿ ಆ ಲೋಹಗಳೆಲ್ಲ ಬಿಡುಗಡೆಯಾಗುತ್ತವೆ, ಮೊದಲ ಮಳೆಗೆ ವಾಪಸ್ ಕಾಲುವೆಗೇ ಇಳಿಯುತ್ತವೆ. ಆದ್ದರಿಂದ ಜೆಸಿಬಿ ಎತ್ತಿದ್ದು ಟಾರ್ಪಾಲಿನ್ ಹಾಸಿದ, ಬದು ಕಟ್ಟಿದ ತಾಣದಲ್ಲೇ ಬಸಿಯಬೇಕು. ಬಸಿದ ನೀರಿಗೂ ಪರೀಕ್ಷೆ, ಸಂಸ್ಕರಣೆ ಆಗಬೇಕು. ಹೂಳಿನ ಸೋರಿಕೆ ಪರೀಕ್ಷೆಯಲ್ಲಿ (ಹೂಳಿನಿಂದ ದ್ರವಕ್ಕೆ ಎಷ್ಟು ಲೋಹ ಬಿಡುತ್ತದೆ ಎಂದು ನೋಡುವುದು) ಕ್ರೋಮಿಯಂ ಲೀಟರಿಗೆ 5 ಮಿ.ಗ್ರಾಂ. ಮುಟ್ಟಿದರೆ ಆ ಹೂಳೂ ಅಪಾಯಕಾರಿ ತ್ಯಾಜ್ಯವೇ.

ಮಳೆಗಾಲ ಮುಗಿದ ಮೇಲೆ, ನವೆಂಬರ್‌ನಲ್ಲಿ, ಅದೇ ಗೋಡೆಯ ಬುಡ ಮತ್ತು ಕಾಲುವೆಯ ಕೆಳಹರಿವಿನ ನೀರನ್ನು ಮತ್ತೆ ನೋಡಿ. ಹಳದಿ ಮತ್ತೆ ಮೂಡಿದ್ದರೆ ಅಲ್ಲಿ ಅಡಿಯಲ್ಲಿ ಮಣ್ಣು ಉಳಿದಿದೆ. ಆ ಚೌಕವನ್ನು ಇನ್ನೊಂದು ಅರ್ಧ ಮೀಟರ್ ಆಳ ಅಗೆಯಿರಿ.