ಹಳೆಯ ಹಾಯಿಹಡಗಿಗಾಗಿ ಕಡಲ ಹಾಡುಗಳಿಂದ ನಿಧಿ ಕೂಡಿಸುವ ಬಗೆ

ಹಳೆಯ ಹಾಯಿಹಡಗೊಂದರ ಜೀರ್ಣೋದ್ಧಾರಕ್ಕೆ ಹಾಡಿನ ಸಂಜೆಗಳಿಂದ ಹಣ ಕೂಡಿಸಬೇಕೆನ್ನುವವರು ಗಾಯಕರನ್ನು ಹುಡುಕುವ ಮೊದಲು ಹಡಗಿನ ಖರ್ಚಿನ ಪಟ್ಟಿಯನ್ನು ನೋಡಬೇಕು. ನ್ಯೂಯಾರ್ಕಿನ ಸೌತ್ ಸ್ಟ್ರೀಟ್ ಸೀಪೋರ್ಟ್ ವಸ್ತುಸಂಗ್ರಹಾಲಯದ ವೇವರ್‌ಟ್ರೀ ಹಡಗನ್ನು ಗಮನಿಸಿ. 1885ರಲ್ಲಿ ಸೌತಾಂಪ್ಟನ್‌ನಲ್ಲಿ ಸಿದ್ಧವಾಗಿ, ಆರಂಭದಲ್ಲಿ ಪೂರ್ವ ಭಾರತದ ಸೆಣಬನ್ನು ಸ್ಕಾಟ್ಲೆಂಡಿಗೆ ಹೊರುತ್ತಿದ್ದ ಈ ಕಬ್ಬಿಣದ ಹಡಗು, 1910ರಲ್ಲಿ ಕೇಪ್ ಹಾರ್ನ್ ಬಳಿ ಹಾಯಿಗಂಬ ಕಳೆದುಕೊಂಡು, ಚಿಲಿಯಲ್ಲಿ ತೇಲುವ ಗೋದಾಮಾಗಿಯೂ ಅರ್ಜೆಂಟೀನಾದಲ್ಲಿ ಮರಳು ಹೊರುವ ದೋಣಿಯಾಗಿಯೂ ದುಡಿದು, 1970ರಲ್ಲಿ ನ್ಯೂಯಾರ್ಕ್ ತಲುಪಿತು. 2015–16ರಲ್ಲಿ ಅದರ ದುರಸ್ತಿಗೆ ತಗುಲಿದ್ದು ಸುಮಾರು 1.3 ಕೋಟಿ ಡಾಲರ್. ಅದನ್ನು ಭರಿಸಿದ್ದು ನಗರಾಡಳಿತ. ಟಿಕೆಟ್ ಮಾರಿ ಅಷ್ಟು ಹಣ ಎತ್ತುವುದು ಆಗುವ ಮಾತಲ್ಲ.

ಹಾಗಿದ್ದರೆ ಹಾಡಿನಿಂದ ಆಗುವುದೇನು? ಹಡಗಿಗೆ ಜನ ಸಿಗುತ್ತಾರೆ. ಒಮ್ಮೆ ನೋಡಿ ಹೋದ ಪ್ರವಾಸಿ ಎರಡನೆಯ ಬಾರಿ ಬರುವುದು ಅಪರೂಪ. ಹಾಡಲು ಬಂದವನು ಮುಂದಿನ ತಿಂಗಳೂ ಬರುತ್ತಾನೆ, ಬರುವಾಗ ಇನ್ನಿಬ್ಬರನ್ನು ಕರೆತರುತ್ತಾನೆ, ನಗರಸಭೆಯಲ್ಲಿ ಹಡಗಿನ ವಿಷಯ ಚರ್ಚೆಗೆ ಬಂದಾಗ ಎದ್ದು ನಿಂತು ಮಾತನಾಡುತ್ತಾನೆ. ಆದರೆ ಈ ಅಭಿಮಾನ ಸಕಾಲಕ್ಕೆ ದೊಡ್ಡ ಅನುದಾನವಾಗಿ ಮಾರ್ಪಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಿಯಾಟಲ್‌ನ ವವೋನಾ ಸಾಕ್ಷಿ. 1897ರ ಈ ಮೂರು ಕಂಬಗಳ ಸ್ಕೂನರ್ ಬಗೆಯ ಹಾಯಿಹಡಗು 1970ರಲ್ಲಿಯೇ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಪಟ್ಟಿಗೆ ಸೇರಿತ್ತು, ಪ್ರೀತಿಸುವವರಿಗೂ ಕೊರತೆಯಿರಲಿಲ್ಲ. ಮರ ಕೊಳೆಯುತ್ತಾ ಹೋಗಿ 2009ರಲ್ಲಿ ಅದನ್ನು ಬಿಚ್ಚಿಹಾಕಲಾಯಿತು. ಆದ್ದರಿಂದ ಹಾಡಿನ ಕಾರ್ಯಕ್ರಮವನ್ನು ಅನುದಾನದ ಅರ್ಜಿಯ ಜೊತೆಜೊತೆಗೇ ಹೂಡಬೇಕು. ಬಂದವರ ಸಂಖ್ಯೆಯನ್ನೂ ಸ್ವಯಂಸೇವಕರು ದುಡಿದ ಗಂಟೆಗಳನ್ನೂ ಮೊದಲ ಸಂಜೆಯಿಂದಲೇ ಬರೆದಿಡಬೇಕು, ಏಕೆಂದರೆ ಅನುದಾನ ಕೊಡುವವರು ಕೇಳುವುದು ಅದನ್ನೇ.

ಸಂಗ್ರಹವಾಗುವ ಹಣವನ್ನು ಹೆಸರಿಟ್ಟು ತೋರಿಸಬಹುದಾದ ಒಂದೇ ವಸ್ತುವಿಗೆ ಮೀಸಲಿಡುವುದು ಒಳ್ಳೆಯದು. 'ಹಡಗನ್ನು ಉಳಿಸಿ' ಎಂಬ ಕರೆಗೆ ಜನ ತಲೆಯಾಡಿಸುತ್ತಾರೆ. 'ಮುಂಗಂಬದ ಈ ಹಾಯಿಗೆ ಬಟ್ಟೆ ಬೇಕು' ಎಂದರೆ ಜೇಬಿಗೆ ಕೈಹಾಕುತ್ತಾರೆ. ಮರದ ಹಡಗಾದರೆ ಒಂದೊಂದು ಹಲಗೆಗೂ ಬೆಲೆ ಕಟ್ಟಬಹುದು, ಮತ್ತು ಆ ಮರದ ಕಥೆಯನ್ನೂ ಹೇಳಬಹುದು. ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿರುವ ಟ್ರಿಂಕಾಮಲಿ ಯುದ್ಧನೌಕೆಯನ್ನು 1817ರಲ್ಲಿ ಮುಂಬಯಿಯಲ್ಲಿ ವಾಡಿಯಾ ಮನೆತನದವರು ಕಟ್ಟಿದ್ದು ಮಲಬಾರಿನ ತೇಗದಿಂದ. ಓಕ್ ಮರದ ಆಮ್ಲ ಕಬ್ಬಿಣದ ಮೊಳೆಗಳನ್ನು ತಿನ್ನುತ್ತದೆ, ತೇಗದ ಎಣ್ಣೆಯಂಶ ಅವನ್ನು ಕಾಯುತ್ತದೆ. ಇಂಥ ವಿವರವೊಂದು ಎರಡು ಹಾಡುಗಳ ನಡುವಿನ ಬಿಡುವಿನಲ್ಲಿ ಮಾಡುವ ಕೆಲಸವನ್ನು ಉದ್ದನೆಯ ಭಾಷಣ ಮಾಡದು.

ಇನ್ನು ಹಾಡುಗಳು. ಷಾಂಟಿಗಳು, ಅಂದರೆ ಹಾಯಿಹಡಗಿನ ನಾವಿಕರ ದುಡಿಮೆಯ ಹಾಡುಗಳು, ವೇದಿಕೆಗೆಂದು ಹುಟ್ಟಿದವಲ್ಲ, ಕೆಲಸಕ್ಕೆ ಹುಟ್ಟಿದವು. ಹಾಯಿಯ ಅಡ್ಡದಿಮ್ಮಿಯನ್ನು ಮೇಲೇರಿಸುವ ಹಾಡಿನಲ್ಲಿ ಮುಂದಾಳು ಗಾಯಕ, ಅಂದರೆ ಷಾಂಟಿಮನ್, ಸೊಲ್ಲು ಎತ್ತುವಾಗ ಉಳಿದವರು ಉಸಿರು ತೆಗೆದುಕೊಳ್ಳುತ್ತಾರೆ, ತಾವು ಸೊಲ್ಲು ಸೇರಿಸುವಾಗ ತಾಳದ ಎರಡು ಪೆಟ್ಟುಗಳಿಗೆ ಎರಡು ಬಾರಿ ಹಗ್ಗ ಎಳೆಯುತ್ತಾರೆ. ಲಂಗರು ಎತ್ತಲು ತಿರುಗಿಸುವ ಕ್ಯಾಪ್‌ಸ್ಟನ್ ಎಂಬ ಗಾಲಿಗಂಬದ ಸುತ್ತ ನಡೆಯುವಾಗಿನ ಹಾಡಿಗೆ ಬಿಡುವಿಲ್ಲದ ನಡಿಗೆಯ ಲಯವಿರುತ್ತದೆ. ನಮ್ಮ ಕರಾವಳಿಯಲ್ಲಿ 'ಐಸಾ' ಎನ್ನುತ್ತ ಭಾರ ಎಳೆಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಗಾಗಿ ಸಭಿಕರನ್ನು ಕುರ್ಚಿಯಲ್ಲಿ ಕೂರಿಸಿ ಹಾಡು ಕೇಳಿಸುವುದು ಹಣವನ್ನೂ ಹಾಡನ್ನೂ ವ್ಯರ್ಥ ಮಾಡಿದಂತೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಡಗಿನ ಹಗ್ಗಗಳ ಉಸ್ತುವಾರಿಯಿರುವ ತಜ್ಞರು ಪರೀಕ್ಷಿಸಿದ, ಹಾಯಿ ಎತ್ತುವ ಒಂದು ಹಗ್ಗವನ್ನು ರಾಟೆಗೆ ಹಾಕಿಸಿ, ಬಂದವರ ಉಂಗುರಗಳನ್ನು ತೆಗೆಸಿ, ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದೆಂದು ಎಚ್ಚರಿಸಿ, ಸಾಲಾಗಿ ನಿಲ್ಲಿಸಿರಿ. ಮೊದಲು ಹಾಡಿಲ್ಲದೆ ಎಳೆಯಲು ಹೇಳಿರಿ. ಒಬ್ಬೊಬ್ಬರದು ಒಂದೊಂದು ಕಾಲವಾಗಿ ಹಾಯಿ ಅಲ್ಲಲ್ಲೇ ನಿಲ್ಲುತ್ತದೆ. ಅನಂತರ ಸೊಲ್ಲು ಎತ್ತಿಸಿರಿ. ಅದೇ ಕೈಗಳು ಅದೇ ಭಾರವನ್ನು ಮೇಲೇರಿಸಿದ ಆ ಕ್ಷಣದಲ್ಲಿಯೇ ಕಾಣಿಕೆಯ ಡಬ್ಬಿ ಸಾಲಿನ ಕೊನೆಯಿಂದ ಹೊರಡಬೇಕು, ಸಂಜೆಯ ಕೊನೆಗೆ ಕಾಯಬಾರದು.

ಹಾಡುಗಳ ಆಯ್ಕೆಯಲ್ಲಿ ಎರಡು ಎಚ್ಚರಗಳು ಅಗತ್ಯ. ಈ ಹಾಡುಗಳಲ್ಲಿ ಬಹಳಷ್ಟು ಕೆರಿಬಿಯನ್ ದ್ವೀಪಗಳ ಹಾಗೂ ಅಮೆರಿಕದ ದಕ್ಷಿಣ ಬಂದರುಗಳ ಕಪ್ಪು ಕಾರ್ಮಿಕರಿಂದ ಬಂದವು ಅಥವಾ ಅವರ ಬಾಯಲ್ಲಿ ಬೆಳೆದವು. ಅದನ್ನು ಕಾರ್ಯಕ್ರಮದ ಹಾಳೆಯಲ್ಲಿ ಹೇಳಬೇಕು, ಜನಾಂಗವನ್ನು ಹೀಗಳೆಯುವ ಹಳೆಯ ಚರಣಗಳನ್ನು ಬಿಡಬೇಕು. ಎರಡನೆಯದಾಗಿ, ಕೇಳಲು ಪುರಾತನವೆನಿಸುವ ಎಷ್ಟೋ ಕಡಲ ಹಾಡುಗಳನ್ನು ಇಪ್ಪತ್ತನೆಯ ಶತಮಾನದ ಗೀತಕಾರರು ಬರೆದಿದ್ದಾರೆ. 2021ರ ಜನವರಿಯಲ್ಲಿ ಟಿಕ್‌ಟಾಕ್‌ನಲ್ಲಿ ಷಾಂಟಿಗಳ ಅಲೆ ಎದ್ದ ಮೇಲೆ ಈ ಗೊಂದಲ ಇನ್ನಷ್ಟು ಹಬ್ಬಿದೆ. ನಿಧಿಗಾಗಿ ಧ್ವನಿಮುದ್ರಿಕೆ ಹೊರತರುವುದಾದರೆ ಪ್ರತಿ ಹಾಡಿನ ಹಕ್ಕನ್ನೂ ಪರಿಶೀಲಿಸಿ, ಬೇಕಾದಲ್ಲಿ ಪರವಾನಗಿ ಪಡೆದು, ಗಾಯಕರಿಂದಲೂ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಬೇಕು.

ಸ್ಥಳ ಹಡಗೇ ಆಗಿರಲಿ. ಸ್ಯಾನ್‌ಫ್ರಾನ್ಸಿಸ್ಕೋದ ಹೈಡ್ ಸ್ಟ್ರೀಟ್ ಕಟ್ಟೆಯಲ್ಲಿ 1886ರ ಬಾಲ್‌ಕ್ಲೂಥಾ ಹಡಗಿನೊಳಗೆ ತಿಂಗಳಿಗೊಮ್ಮೆ ಉಚಿತವಾಗಿ ನಡೆದುಬಂದ ಹಾಡಿನ ಕೂಟಕ್ಕೆ ಜನ ಬಿಸಿ ಸೇಬಿನ ರಸ ಕುಡಿಯಲು ತಮ್ಮ ಲೋಟ ತಾವೇ ತರುತ್ತಿದ್ದರು. ಅಲ್ಲಿ ಮೈಕು, ವೇದಿಕೆ ಯಾವುದರ ಖರ್ಚೂ ಬೇಕಿರಲಿಲ್ಲ. ಉಚಿತ ಕೂಟವೊಂದನ್ನು ತಪ್ಪದೆ ನಡೆಸುತ್ತ, ವರ್ಷಕ್ಕೊಂದು ಬಾರಿ ಮಾತ್ರ ಟಿಕೆಟ್ಟಿನ ಕಾರ್ಯಕ್ರಮ ಇಡುವುದು ನನಗೆ ಸರಿಯೆನಿಸುವ ಕ್ರಮ. ದಿನ ಗೊತ್ತುಮಾಡುವ ಮೊದಲು ಉಬ್ಬರವಿಳಿತದ ಪಟ್ಟಿ ನೋಡಿರಿ: ನೀರು ಏರಿಳಿದಂತೆ ಹಡಗಿಗೇರುವ ಹಲಗೆಯ ಇಳಿಜಾರೂ ಬದಲಾಗುತ್ತದೆ, ವಯಸ್ಸಾದವರಿಗೆ ಅದೇ ದೊಡ್ಡ ಅಡ್ಡಿ. ಒಮ್ಮೆಗೆ ಎಷ್ಟು ಮಂದಿ ಹತ್ತಬಹುದು, ವಿಮೆ ಯಾರ ಹೆಸರಿನಲ್ಲಿದೆ ಎಂಬುದನ್ನು ಹಡಗಿನ ಆಡಳಿತದಿಂದ ಬರಹದಲ್ಲಿ ಪಡೆಯಿರಿ.

ಟಿಕೆಟ್ಟಿನ ಹಣವನ್ನೂ ದೇಣಿಗೆಯನ್ನೂ ಬೆರೆಸಬಾರದು. ಅಮೆರಿಕದಲ್ಲಿ ಒಬ್ಬರು 75 ಡಾಲರಿಗಿಂತ ಹೆಚ್ಚು ಕೊಟ್ಟು ಪ್ರತಿಯಾಗಿ ಪ್ರವೇಶವನ್ನೋ ಊಟವನ್ನೋ ಪಡೆದರೆ, ಅದರ ಮೌಲ್ಯವೆಷ್ಟೆಂದು ಸಂಸ್ಥೆ ಲಿಖಿತವಾಗಿ ತಿಳಿಸಬೇಕು. ಆ ಮೌಲ್ಯ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ ರಿಯಾಯಿತಿ. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರ ದೇಣಿಗೆಯ ಪ್ರತಿ ಪೌಂಡಿಗೆ ಗಿಫ್ಟ್ ಏಡ್ ಎಂಬ ಸರ್ಕಾರಿ ಯೋಜನೆಯ ಮೂಲಕ ಸಂಸ್ಥೆಗೆ 25 ಪೆನ್ಸ್ ಹೆಚ್ಚುವರಿ ಸಿಗುತ್ತದೆ, ಆದರೆ ಸಾಮಾನ್ಯ ಟಿಕೆಟ್ಟಿಗೆ ಅದು ಅನ್ವಯಿಸದು. ನಿಗದಿಪಡಿಸಿದ ವಸ್ತುವಿಗೆಂದು ಬಂದ ಹಣವನ್ನು ಪ್ರತ್ಯೇಕ ಲೆಕ್ಕದಲ್ಲಿಟ್ಟು, ಹಾಯಿ ಹೊಲಿದು ಕಂಬಕ್ಕೇರಿದ ದಿನ ಖರ್ಚಿನ ವಿವರವನ್ನು ಚಿತ್ರದೊಂದಿಗೆ ಎಲ್ಲ ದಾನಿಗಳಿಗೂ ಕಳಿಸಿರಿ; ಮುಂದಿನ ವಸ್ತುವಿನ ಹೆಸರು ಮತ್ತು ಮುಂದಿನ ಕೂಟದ ದಿನಾಂಕ ಅದೇ ಪತ್ರದಲ್ಲಿರಲಿ.