ಈಸ್ಟರ್ ಮುಗಿದ ಮೇಲಿನ ಐವತ್ತು ದಿನ

ಬೇಸಿಗೆಯಲ್ಲಿ ನನ್ನ ಪ್ರಾರ್ಥನೆ ಸೊರಗುವುದಕ್ಕೆ ಬಿಸಿಲೇ ಕಾರಣ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಬೆಟಗೇರಿಯ ಏಪ್ರಿಲ್ ಬಿಸಿಲನ್ನು ಕಂಡವರು ಈ ನೆಪವನ್ನು ಒಪ್ಪಿಯೂ ಬಿಡುತ್ತಾರೆ. ನಮ್ಮ ಅವ್ವ ಮಾತ್ರ ಒಪ್ಪಲಿಲ್ಲ. ಒಂದು ವರ್ಷ ಈಸ್ಟರ್ ಮುಗಿದು ವಾರವಾಗಿತ್ತು, ಮನೆಯಲ್ಲಿ ಯಾರೂ ಸತ್ಯವೇದ, ಅಂದರೆ ಬೈಬಲ್, ತೆರೆದಿರಲಿಲ್ಲ. ಆಗ ಆಕೆ ಹೇಳಿದ್ದು ಒಂದೇ ಮಾತು: "ಸ್ವಾಮಿ ಎದ್ದರು, ನೀವು ಮಲಗಿದಿರಿ."

ಯೋಚಿಸಿ ನೋಡಿದರೆ ಅದೇ ನಿಜ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲದಲ್ಲೂ ಬಿಸಿಲಿರುತ್ತದೆ, ಆದರೂ ನಾವು ತಪ್ಪುವುದಿಲ್ಲ. ಆಗ ನಲವತ್ತು ದಿನಗಳ ಲೆಕ್ಕವಿದೆ, ಶುಕ್ರವಾರದ ಕೂಟವಿದೆ, ಉಪವಾಸವಿದೆ. ಶುಭ ಶುಕ್ರವಾರ ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಕೇಳುತ್ತ ಅದೇ ಬಿಸಿಲಲ್ಲಿ ಅಲುಗಾಡದೆ ಕೂರುತ್ತೇವೆ. ಈಸ್ಟರ್ ನಸುಕಿನ ಆರಾಧನೆ ಮುಗಿದ ಮರುದಿನದಿಂದ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಲೆಂಟ್‌ನಲ್ಲಿ ತಡೆದಿಟ್ಟಿದ್ದ ಮದುವೆಗಳೆಲ್ಲ ಒಟ್ಟಿಗೆ ನುಗ್ಗುತ್ತವೆ. ನಾನು ಸರ್ಕಾರಿ ಶಾಲೆಯ ಮೇಷ್ಟ್ರು, ಆ ಹೊತ್ತಿಗೆ ರಜೆಯೂ ಶುರುವಾಗುತ್ತದೆ. ಬೆಳಗಿನ ಗಂಟೆಯ ಅಂಕೆ ಇಲ್ಲದ ಮೇಷ್ಟ್ರು ಹಗ್ಗ ಬಿಚ್ಚಿದ ಎತ್ತಿನ ಹಾಗೆ. ಸಾಲದ್ದಕ್ಕೆ ನಮ್ಮ ಚರ್ಚ್ ಸಭೆಯ ರಜಾ ಸತ್ಯವೇದ ಶಾಲೆ. ಅಲ್ಲಿ ಹತ್ತು ದಿನ ಮಕ್ಕಳಿಗೆ ಪ್ರಾರ್ಥನೆ ಕಲಿಸಿ, ಹಾಡಿಸಿ, ಪಾನಕ ಹಂಚಿ ಮನೆಗೆ ಬಂದರೆ ಸ್ವಂತ ಪ್ರಾರ್ಥನೆಗೆ ಬಾಯಿಯೇ ಬರುತ್ತಿರಲಿಲ್ಲ. ದೇವರ ಕೆಲಸ ಮಾಡಿ ಬಂದಿದ್ದೇನಲ್ಲ ಎಂಬ ಸಮಾಧಾನ ಬೇರೆ.

2023ರಲ್ಲಿ ಕ್ಯಾಲೆಂಡರ್ ತಿರುವುತ್ತಿದ್ದಾಗ ಒಂದು ಲೆಕ್ಕ ಹೊಳೆಯಿತು. ಏಪ್ರಿಲ್ 9ಕ್ಕೆ ಈಸ್ಟರ್, ಮೇ 28ಕ್ಕೆ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದದ್ದನ್ನು ನೆನೆಯುವ ಪೆಂತೆಕೋಸ್ತ ಹಬ್ಬ. ನಮ್ಮ ಹಳೆಯ ಸತ್ಯವೇದ ಅದನ್ನು ಪಂಚಾಶತ್ತಮ ದಿನ ಎನ್ನುತ್ತದೆ, ಹೆಸರಿನಲ್ಲೇ ಐವತ್ತಿದೆ. ಸತ್ಯವೇದದ ಕೀರ್ತನೆಗಳು 150. ದಿನಕ್ಕೆ ಮೂರರಂತೆ ಓದಿದರೆ ಹಬ್ಬದಿಂದ ಹಬ್ಬಕ್ಕೆ ಸರಿಯಾಗಿ ಮುಗಿಯುತ್ತದೆ. ಶಾಲೆಯ ರಜೆಯೂ ಆ ವರ್ಷ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಕೆಂಪು ಪೆನ್ನಿನಿಂದ ಒಂದರಿಂದ ಐವತ್ತರವರೆಗೆ ಬರೆದೆ. ದಿನದ ಅಂಕಿಯನ್ನು ಮೂರರಿಂದ ಗುಣಿಸಿದರೆ ಅಂದಿನ ಕೊನೆಯ ಕೀರ್ತನೆ ಸಿಗುತ್ತದೆ. ಬೇರೆ ಪಟ್ಟಿಯೇ ಬೇಡ.

ಹೊತ್ತನ್ನು ಗೊತ್ತುಮಾಡಲು ಮಾತ್ರ ಒದ್ದಾಡಿದೆ. ಮೊದಲ ಮೂರು ದಿನ ರಾತ್ರಿ ಊಟದ ನಂತರ ಕೂತೆವು. ಕರೆಂಟ್ ಹೋಗುತ್ತಿತ್ತು, ಬೀಸಣಿಗೆಯ ಸದ್ದಿನಲ್ಲಿ ಓದು ಕೇಳಿಸುತ್ತಿರಲಿಲ್ಲ, ಮಗಳು ಮೂರನೆಯ ವಚನಕ್ಕೇ ತೂಕಡಿಸುತ್ತಿದ್ದಳು. ಬೇಸಿಗೆಯಲ್ಲಿ ನಾವೆಲ್ಲ ಮಾಳಿಗೆಯ ಮೇಲೆ ಮಲಗುತ್ತೇವೆ. ಅಲ್ಲಿ ಐದೂವರೆಗೆ ಬೇಡವೆಂದರೂ ಎಚ್ಚರವಾಗುತ್ತದೆ: ಒಂದು ಕಡೆ ಕಾಗೆ, ಇನ್ನೊಂದು ಕಡೆ ಹಿಂದಿನ ಓಣಿಯ ಮಗ್ಗ. ಆ ಎಚ್ಚರವನ್ನೇ ಬಳಸಿಕೊಂಡೆವು. ಹಾಸಿಗೆ ಸುತ್ತುವ ಮೊದಲು, ಕೂತಲ್ಲೇ ಓದು. ಅಲಾರಂ ಇಲ್ಲ, ಪುಸ್ತಕದ ಅಕ್ಷರ ಕಾಣುವಷ್ಟು ಬೆಳಕಾದಾಗ ಆರಂಭ, ನೀರಿನ ಟ್ಯಾಂಕಿನ ಮೇಲೆ ಬಿಸಿಲು ಬೀಳುವಷ್ಟರಲ್ಲಿ ಮುಕ್ತಾಯ. ಸಿಗುವುದು ಇಪ್ಪತ್ತೈದು ನಿಮಿಷ. ಸಾಲದು ಎಂದು ಒಮ್ಮೆಯೂ ಅನ್ನಿಸಿಲ್ಲ.

ಕೀರ್ತನೆಗಳನ್ನು ಸಾಲಾಗಿ ಓದಿದರೆ ಅವು ನಮ್ಮ ಅನುಕೂಲ ನೋಡಿ ಬರುವುದಿಲ್ಲ, ಆ ಕ್ರಮ ನನಗೆ ಹಿಡಿಸಿದ್ದೂ ಅದಕ್ಕೇ. ಇಪ್ಪತ್ತೊಂದನೆಯ ದಿನ 63ನೆಯದು ಬಂತು, ನೀರಿಲ್ಲದೆ ಬತ್ತಿದ ನೆಲದಲ್ಲಿ ದೇವರಿಗಾಗಿ ಬಾಯಾರುವ ಕೀರ್ತನೆ. ಅಂದು ನಸುಕಿಗೇ ನಳ ಬಂದಿತ್ತು. ಹೆಂಡತಿ ಕೆಳಗೆ ಬ್ಯಾರಲ್ ತುಂಬಿಸುತ್ತಿದ್ದಳು. ಓದುವುದು ನಿಲ್ಲಿಸಿ ನಾನೂ ಕೊಡ ಹಿಡಿದೆ. ಆ ದಿನದ ಕೀರ್ತನೆಯನ್ನು ಮಗಳು ಮೆಟ್ಟಿಲ ಮೇಲೆ ನಿಂತು ಓದಿದಳು, ನಾವು ನೀರು ಹೊರುತ್ತ ಕೇಳಿದೆವು.

109ನೆಯದರಲ್ಲಿ ಶತ್ರುವಿನ ಮಕ್ಕಳು ತಬ್ಬಲಿಗಳಾಗಲಿ ಎಂಬ ಶಾಪವಿದೆ. ಮಗುವಿನ ಮುಂದೆ ಅದನ್ನು ಓದಬೇಕೇ ಎಂದು ಹೆಂಡತಿ ಕೇಳಿದಳು. ನಾನು ಬಿಡಲಿಲ್ಲ. ದೇವರ ಮುಂದೆ ಸಿಟ್ಟನ್ನು ಕಕ್ಕಿದವನು ಬೀದಿಯಲ್ಲಿ ಕಕ್ಕುವುದು ಕಡಿಮೆ ಎಂಬುದು ನನ್ನ ಅಂದಾಜು.

ಆ ವರ್ಷ ಮೇ 10ಕ್ಕೆ ವಿಧಾನಸಭೆಯ ಮತದಾನ, ನನಗೆ ಮತಗಟ್ಟೆಯ ಕೆಲಸ ಬಿದ್ದಿತ್ತು. ಹಿಂದಿನ ದಿನವೇ ಮಸ್ಟರಿಂಗ್ ಕೇಂದ್ರದಿಂದ ಮತಯಂತ್ರ ಹೊತ್ತು, ಬಸ್ಸಿನಲ್ಲಿ ಕುದಿಯುತ್ತ ಒಂದು ಹಳ್ಳಿಯ ಶಾಲೆಗೆ ತಲುಪಿದೆವು. ಫ್ಯಾನ್ ತಿರುಗುತ್ತಿರಲಿಲ್ಲ. ಮೂವತ್ತೊಂದನೆಯ ದಿನದ ಪಾಲು ಬಾಕಿ ಇತ್ತು, ನಾನು ಸತ್ಯವೇದ ತಂದಿರಲಿಲ್ಲ. ಮೊಬೈಲ್ ತೆರೆದರೆ ಬೆಳಕಿಗೆ ಹುಳುಗಳು ಮುತ್ತಿದವು. ರಾತ್ರಿಯ ಭಯ, ಮಧ್ಯಾಹ್ನದ ಕೇಡು ಎನ್ನುವ 91ನೆಯದನ್ನು ಅರ್ಧ ಓದಿ, ಸೊಳ್ಳೆಗೆ ಸೋತು ಮಲಗಿದೆ.

ಮತಯಂತ್ರ ಸರಿಯಿದೆಯೇ ಎಂದು ನೋಡುವ ಅಣಕು ಮತದಾನ ಐದೂವರೆಗೆ. ನಾಲ್ಕಕ್ಕೇ ಸದ್ದಾಯಿತು. ನಮ್ಮ ತಂಡದ ಹಿರಿಯ ಮೇಷ್ಟ್ರೊಬ್ಬರು ಬೋರ್‌ವೆಲ್‌ನಲ್ಲಿ ಸ್ನಾನ ಮಾಡಿ ಬಂದು, ಮಕ್ಕಳ ಬೆಂಚನ್ನು ಗೋಡೆಗೆ ಎಳೆದುಕೊಂಡು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಕುಳಿತಿದ್ದರು. ವಿಭೂತಿಯ ಗಟ್ಟಿ, ಒಂದು ಬಿಳಿ ವಸ್ತ್ರ, ಶಾಲೆಯ ಅಂಗಳದಲ್ಲಿ ಸಿಕ್ಕ ಎರಡು ಹೂವು. ಕಾಲು ಗಂಟೆಯಲ್ಲಿ ಎಲ್ಲವನ್ನೂ ಕೈಚೀಲಕ್ಕೆ ಹಾಕಿ, "ಸೀಲ್ ತೆಗೆಯಿರಿ ಸರ್, ಏಜೆಂಟರು ಬಂದರು" ಎಂದರು. ಚುನಾವಣೆ, ಮದುವೆ, ಆಸ್ಪತ್ರೆ, ಎಲ್ಲಿದ್ದರೂ ತಪ್ಪಿಸಿಲ್ಲವೆಂದು ಆಮೇಲೆ ಕೇಳಿ ತಿಳಿದುಕೊಂಡೆ. ನನಗೆ ನಾಚಿಕೆಯಾಯಿತು. ಮಾಳಿಗೆ, ಬೆಳಕು, ದಪ್ಪ ಅಕ್ಷರದ ಪುಸ್ತಕ ಎಲ್ಲ ಕೂಡಿದರೆ ಮಾತ್ರ ನಡೆಯುವ ಪ್ರಾರ್ಥನೆ ನನ್ನದು. ಊರಿಗೆ ಬಂದವನೇ ಅಂಗಿಯ ಜೇಬಿಗೆ ಹಿಡಿಯುವ, ಹೊಸ ಒಡಂಬಡಿಕೆಯ ಜೊತೆ ಕೀರ್ತನೆಗಳೂ ಇರುವ ಪುಟ್ಟ ಪುಸ್ತಕ ಕೊಂಡೆ. ಈಗ ಅದು ಪ್ರಯಾಣದ ಚೀಲದಿಂದ ಹೊರಬರುವುದೇ ಇಲ್ಲ.

ತಪ್ಪಿದ ದಿನಗಳ ವಿಷಯ. ಮದುವೆಯೊಂದಕ್ಕೆ ಹೋಗಿ ನಾಲ್ಕು ದಿನ ಪೂರ್ತಿ ಬಿಟ್ಟಿದ್ದೇನೆ. ಬಂದ ಮೇಲೆ ಹನ್ನೆರಡನ್ನೂ ಒಂದೇ ಸಲಕ್ಕೆ ಓದಿದೆ, ಕಂಡಕ್ಟರ್ ಟಿಕೆಟ್ ಹರಿದ ಹಾಗೆ. ಒಂದೂ ನೆನಪಿಲ್ಲ. ಅಂದಿನಿಂದ ಬಾಕಿ ತೀರಿಸುವುದನ್ನು ಕೈಬಿಟ್ಟೆ. ಬಿಟ್ಟದ್ದು ಬಿಟ್ಟಂತೆ, ಇಂದಿನ ಅಂಕಿಗೆ ನೇರವಾಗಿ ಬರುವುದು. ಉಳಿದವು ಮುಂದಿನ ವರ್ಷ ಸಿಗುತ್ತವೆ.

ನಲವತ್ತನೆಯ ದಿನ ಯೇಸುವಿನ ಸ್ವರ್ಗಾರೋಹಣದ ಗುರುವಾರ. ಅಂದೇ 176 ವಚನಗಳ 119ನೆಯದು ಬರುತ್ತದೆ. ಅದು ಎಂಟೆಂಟು ವಚನಗಳ 22 ಭಾಗ. ಮೂಲದ ಹೀಬ್ರೂವಿನಲ್ಲಿ ಒಂದೊಂದು ಭಾಗದ ಎಂಟೂ ವಚನಗಳು ಒಂದೇ ಅಕ್ಷರದಿಂದ ಶುರುವಾಗುತ್ತವೆ. ಬೆಳಿಗ್ಗೆ ಹನ್ನೊಂದು ಭಾಗ, ಸಂಜೆ ಬಿಸಿಲು ಇಳಿದ ಮೇಲೆ ಹನ್ನೊಂದು ಎಂದು ಹಂಚಿಕೊಂಡೆವು. ಅಕ್ಷರದ ಸಂಗತಿ ಕೇಳಿ ಮಗಳಿಗೆ ಹುರುಪು ಬಂತು. ನೋಟ್‌ಬುಕ್ ತಂದು ಕನ್ನಡದ ವರ್ಗೀಯ ವ್ಯಂಜನಗಳಲ್ಲಿ ದೇವರಿಗೆ ಒಂದೊಂದು ಸಾಲು ಬರೆಯಲು ಕುಳಿತಳು. 'ಕರ್ತನೇ, ಖಾಲಿ ಕೊಡ ತುಂಬಿಸು' ಎಂದು ಸೊಗಸಾಗಿಯೇ ಹೊರಟು 'ಘ' ದಾಟಿ 'ಙ'ಕ್ಕೆ ನಿಂತುಬಿಟ್ಟಳು. "ಇದರಿಂದ ಏನು ಬೇಡಲಿ ಅಜ್ಜಿ?" ಎಂದರೆ ಅವ್ವ, "ಏನೂ ಬೇಡಬೇಡ, ಅಲ್ಲಿ ಸುಮ್ಮನೆ ಕೂರು" ಎಂದಳು. ನೋಟ್‌ಬುಕ್ಕಿನಲ್ಲಿ ಆ ಸಾಲು ಇಂದಿಗೂ ಖಾಲಿ ಇದೆ.

2025ರಲ್ಲಿ ಈಸ್ಟರ್ ತಡವಾಗಿ ಏಪ್ರಿಲ್ 20ಕ್ಕೆ ಬಂತು, ಐವತ್ತನೆಯ ದಿನ ಜೂನ್ 8ಕ್ಕೆ ಹೋಯಿತು. ಮಳೆ ಬೇಗ ಹಿಡಿದು ಮಾಳಿಗೆಯಿಂದ ನಮ್ಮನ್ನು ಕೆಳಗಿಳಿಸಿತು. ಪಡಸಾಲೆಯಲ್ಲಿ ಕಾಗೆಯ ಕೂಗು ಕೇಳಿಸದು, ಬೆಳಕೂ ಬೀಳದು. ಮೊದಲ ವಾರ ನಾಲ್ಕು ದಿನ ತಪ್ಪಿತು. ಕೊನೆಗೆ ಅವ್ವನ ಚಹಾಕ್ಕೆ ಗಂಟುಹಾಕಿದೆವು. ಬೆಳಿಗ್ಗೆ ಆಕೆ ಒಲೆ ಹಚ್ಚಿದ ಸದ್ದಾದರೆ ಎದ್ದು ಕೂರುವುದು, ಚಹಾ ಕುದಿಯುವಷ್ಟರಲ್ಲಿ ಮೊದಲನೆಯದು, ಕುಡಿಯುತ್ತ ಉಳಿದೆರಡು. ಬೆಂಕಿ, ಕಲ್ಮಳೆ, ಬಿರುಗಾಳಿಗಳೆಲ್ಲ ದೇವರನ್ನು ಸ್ತುತಿಸಲಿ ಎನ್ನುವ 148ನೆಯದು ಬಂದ ದಿನ ಪಡಸಾಲೆಯ ಮೂಲೆಯಲ್ಲಿ ಸೋರುತ್ತಿತ್ತು. ಮಗಳು ಓದುವುದನ್ನು ನಿಲ್ಲಿಸದೆ ಕಾಲಿನಿಂದಲೇ ಬಕೆಟ್ ತಳ್ಳಿ ಹನಿಯ ಕೆಳಗೆ ಇಟ್ಟಳು.